ಅರ್ಧಕ್ಕೇ ನಿಂತ ಉಲ್ಲೇಖ: ಆಬರಿಸ್ಟ್‌ವಿತ್ ದತ್ತಿಪತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ಪದವಿ ಪಠ್ಯ

ಅಂತಾರಾಷ್ಟ್ರೀಯ ಸಂಬಂಧಗಳನ್ನು ಪದವಿ ತರಗತಿಯಲ್ಲಿ ಓದುವವರಿಗೆ ಮೊದಲ ಅಧ್ಯಾಯದಲ್ಲೇ ಒಂದು ಜನ್ಮವೃತ್ತಾಂತ ಸಿಗುತ್ತದೆ. 1919ರಲ್ಲಿ ವೇಲ್ಸ್‌ನ ಆಬರಿಸ್ಟ್‌ವಿತ್‌ನಲ್ಲಿ ಈ ವಿಷಯಕ್ಕೆ ಮೊದಲ ಪೀಠ ಸ್ಥಾಪನೆಯಾಯಿತು, ಯುದ್ಧದಿಂದ ನೊಂದ ಆದರ್ಶವಾದಿಗಳು ಶಾಂತಿಗಾಗಿ ಶಾಸ್ತ್ರ ಕಟ್ಟಿದರು, 1939ರಲ್ಲಿ ಇ.ಎಚ್. ಕಾರ್ ತಮ್ಮ ಪುಸ್ತಕದಿಂದ ಆ ಆದರ್ಶವಾದಿಗಳ ಭ್ರಮೆ ಹರಿಸಿ ವಾಸ್ತವವಾದಕ್ಕೆ ಅಡಿಪಾಯ ಹಾಕಿದರು. ಇದರಲ್ಲಿ ಪೀಠದ ಸಂಗತಿಯೊಂದೇ ನಿರ್ವಿವಾದ. ಉಳಿದದ್ದು ಕಾರ್ ತಮ್ಮ ಎದುರಾಳಿಗಳ ಬಗ್ಗೆ ಕೊಟ್ಟ ತೀರ್ಪು. ಅದನ್ನೇ ಚರಿತ್ರೆಯೆಂದು ಬಗೆದು ನಮ್ಮ ಪಠ್ಯಪುಸ್ತಕಗಳು ನಕಲು ಮಾಡುತ್ತ ಬಂದಿವೆ.

ಪೀಟರ್ ವಿಲ್ಸನ್ ಮತ್ತು ಬ್ರಯನ್ ಶ್ಮಿಟ್ 1998ರಲ್ಲಿ, ಲೂಸಿಯನ್ ಆಶ್‌ವರ್ತ್ 2002ರಲ್ಲಿ ಆದರ್ಶವಾದಿಗಳಿಗೂ ವಾಸ್ತವವಾದಿಗಳಿಗೂ ನಡೆಯಿತೆನ್ನುವ ಈ ‘ಮೊದಲ ಮಹಾವಾದ’ದ ಕಥೆ ನಿಲ್ಲುವುದಿಲ್ಲವೆಂದು ತೋರಿಸಿದರು. ಕಾರ್ ನಿಷ್ಪಕ್ಷಪಾತ ಸಾಕ್ಷಿಯಲ್ಲ. 1936ರಲ್ಲಿ ಅವರು ಏರಿದ್ದು ಅದೇ ಆಬರಿಸ್ಟ್‌ವಿತ್ ಪೀಠವನ್ನು. ಪೀಠದ ದಾನಿ ಡೇವಿಡ್ ಡೇವಿಸ್ ಕಾರ್ ಅವರ ನೇಮಕವನ್ನು ವಿರೋಧಿಸಿದ್ದರು. 1939ರ ಪುಸ್ತಕದಲ್ಲಿ ಕಾರ್ ಮ್ಯೂನಿಕ್ ಒಪ್ಪಂದವನ್ನು ಸಮರ್ಥಿಸಿದ್ದರು. 1946ರ ಎರಡನೆಯ ಆವೃತ್ತಿಯಲ್ಲಿ ಆ ಭಾಗಗಳಿಗೆ ಕತ್ತರಿ ಬಿತ್ತು. ಎರಡನೆಯ ಆವೃತ್ತಿಯನ್ನಷ್ಟೇ ಓದಿದವರಿಗೆ ಯಾವ ನೀತಿಯ ಪರವಾಗಿ ಆ ವಾದ ಹೂಡಲಾಗಿತ್ತು ಎಂಬುದು ಕಾಣುವುದೇ ಇಲ್ಲ. (ಕಾರ್ ಅವರ ವಿದ್ವತ್ತಿನ ಬಗ್ಗೆ ನನಗೆ ಗೌರವವಿದೆ. ಅವರ ಶೀರ್ಷಿಕೆಗಳನ್ನಷ್ಟೇ ಉರು ಹೊಡೆದು ಪಾಠ ಹೇಳುವವರ ಬಗ್ಗೆ ಇಲ್ಲ.)

ಆದರೆ ಕಾರ್ ಅವರ ಟೀಕಾಕಾರರೂ ಸಾಕಷ್ಟು ನಿಂತು ನೋಡದ ಒಂದು ದಾಖಲೆಯಿದೆ: ಪೀಠದ ದತ್ತಿಪತ್ರ. ಡೇವಿಸ್ ಮತ್ತು ಅವರ ಸೋದರಿಯರಾದ ಗ್ವೆಂಡೊಲಿನ್, ಮಾರ್ಗರೆಟ್ ಕೊಟ್ಟ ಹಣ 20,000 ಪೌಂಡ್. ಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪು ಅದಕ್ಕೆ ಪ್ರೇರಣೆ. ಪೀಠಕ್ಕೆ ಪತ್ರ ಎರಡು ಉದ್ದೇಶಗಳನ್ನು ವಿಧಿಸುತ್ತದೆ. ರಾಷ್ಟ್ರಸಂಘದ ಯೋಜನೆ ಎಬ್ಬಿಸಿದ ಕಾನೂನು, ರಾಜಕಾರಣ, ನೀತಿ, ಅರ್ಥವ್ಯವಸ್ಥೆಯ ಪ್ರಶ್ನೆಗಳ ಅಧ್ಯಯನ ಒಂದು. ತಮ್ಮದಲ್ಲದ ನಾಗರಿಕತೆಗಳನ್ನು ಇನ್ನಷ್ಟು ನಿಜವಾಗಿ ಅರಿಯುವುದು ಇನ್ನೊಂದು. ನಮ್ಮ ಪಠ್ಯಗಳು ರಾಷ್ಟ್ರಸಂಘದವರೆಗೆ ಬಂದು ಅಲ್ಲಿಗೇ ನಿಲ್ಲುತ್ತವೆ. ವಾಕ್ಯದ ರಚನೆ ನೋಡಿದರೆ ಎರಡನೆಯದು ಮೊದಲನೆಯದರ ಬಾಲವಲ್ಲ. ಸಮಾನ ತೂಕದ ಪ್ರತ್ಯೇಕ ಉದ್ದೇಶ. ಅದನ್ನು ಬಿಟ್ಟರೆ ಮಾತ್ರ ಈ ಶಾಸ್ತ್ರ ಹುಟ್ಟಿನಿಂದಲೇ ಯುರೋಪಿನ ಯುದ್ಧ-ಶಾಂತಿಯ ಚರ್ಚೆಯಾಗಿತ್ತೆಂದು ಹೇಳಲು ಬರುತ್ತದೆ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಆ ಎರಡನೆಯ ಉದ್ದೇಶ ಸಾಮ್ರಾಜ್ಯದ ಮಾತೇ ಅಲ್ಲವೆ? ಪೀಠದ ಮೊದಲ ಪ್ರಾಧ್ಯಾಪಕ ಆಲ್ಫ್ರೆಡ್ ಝಿಮ್ಮರ್ನ್ ಪ್ರಾಚೀನ ಗ್ರೀಸಿನ ವಿದ್ವಾಂಸರು. ಬ್ರಿಟಿಷ್ ಕಾಮನ್‌ವೆಲ್ತ್‌ನಲ್ಲಿ ವಿಶ್ವವ್ಯವಸ್ಥೆಯ ಮಾದರಿ ಕಂಡವರು. ಈ ಶಾಸ್ತ್ರದ ಬೇರುಗಳು ಜನಾಂಗ ಮತ್ತು ಸಾಮ್ರಾಜ್ಯದ ಆಡಳಿತದಲ್ಲಿವೆ ಎಂದು ರಾಬರ್ಟ್ ವಿಟಾಲಿಸ್ 2015ರಲ್ಲಿ ಅಮೆರಿಕದ ಉದಾಹರಣೆಯಿಂದ ಸಾಧಿಸಿದ್ದಾರೆ. 1910ರಲ್ಲಿ ಜನಾಂಗಗಳ ಬೆಳವಣಿಗೆಯ ಹೆಸರಿನಲ್ಲಿ ಶುರುವಾದ ಪತ್ರಿಕೆಯೇ 1919ರಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ಪತ್ರಿಕೆಯಾಯಿತೆಂಬುದು ಅವರ ಬಲವಾದ ಸಾಕ್ಷ್ಯ. ಆಕ್ಷೇಪವನ್ನು ಇಷ್ಟರಮಟ್ಟಿಗೆ ಒಪ್ಪುತ್ತೇನೆ: ದತ್ತಿಪತ್ರ ಬರೆದವರಿಗೆ ಅನ್ಯ ನಾಗರಿಕತೆಗಳು ಅಧ್ಯಯನದ ವಸ್ತುಗಳಾಗಿದ್ದವು, ಜೊತೆಯಲ್ಲಿ ಕೂತು ವಾದಿಸುವ ಸರೀಕರಾಗಿರಲಿಲ್ಲ. ಆದರೆ ಅಂಥ ಸರೀಕರು ಇರಲೇ ಇಲ್ಲ ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ.

ಅದೇ 1919ರ ಆಗಸ್ಟ್‌ನಲ್ಲಿ ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ ಪತ್ರಿಕೆಯಲ್ಲಿ ಭಾರತೀಯ ವಿದ್ವಾಂಸ ಬಿನಯ್ ಕುಮಾರ್ ಸರ್ಕಾರ್ ಹಿಂದೂ ಅಂತಾರಾಷ್ಟ್ರೀಯ ಸಂಬಂಧ ಸಿದ್ಧಾಂತದ ಬಗ್ಗೆ ಲೇಖನ ಪ್ರಕಟಿಸಿದರು. ಅದರ ವಾದಕ್ಕೆ ಎರಡು ಕಂಬಗಳು. ಮೊದಲನೆಯದು ಮಂಡಲ: ನಡುವೆ ಗೆಲ್ಲಬಯಸುವ ರಾಜನಾದ ವಿಜಿಗೀಷು, ಗಡಿಗೆ ಹತ್ತಿದವನು ಅರಿ, ಅವನಾಚೆಯವನು ಮಿತ್ರ, ಇವರ ಪೈಪೋಟಿಯ ದಿಕ್ಕು ತಪ್ಪಿಸಬಲ್ಲ ಮಧ್ಯಮ ಮತ್ತು ಉದಾಸೀನರು. ಎರಡನೆಯದು ಸಾರ್ವಭೌಮ: ದೊಡ್ಡ ಮೀನು ಚಿಕ್ಕದನ್ನು ನುಂಗುವಂಥ, ರಾಜ್ಯರಾಜ್ಯಗಳ ನಡುವಿನ ಮತ್ಸ್ಯನ್ಯಾಯಕ್ಕೆ ಮದ್ದಾಗುವ ವಿಶ್ವಪ್ರಭುತ್ವ. ನಮ್ಮ ವಿದ್ಯಾರ್ಥಿ ವಾಸ್ತವವಾದ, ಆದರ್ಶವಾದ ಎಂದು ಎರಡು ಪಂಗಡ ಮಾಡಿ ಓದುವ ಬಲಸಮತೋಲ ಮತ್ತು ವಿಶ್ವಶಾಂತಿ ಎರಡೂ ಇಲ್ಲಿ ಒಂದೇ ಲೇಖನದಲ್ಲಿವೆ, ಒಂದೇ ಸಮಸ್ಯೆಯ ಎರಡು ಹಂತಗಳಾಗಿ. ಕಾರ್ ಅವರ ಪುಸ್ತಕಕ್ಕೆ ಆಗಿನ್ನೂ 20 ವರ್ಷ ಬಾಕಿ.

ಲೇಖನದಲ್ಲಿ ದೋಷಗಳಿಲ್ಲವೆಂದಲ್ಲ. ಸರ್ಕಾರರು ತಾವೇ ಅನುವಾದಿಸಿದ ಶುಕ್ರನೀತಿಯನ್ನು ನೆಚ್ಚಿಕೊಂಡಿದ್ದರು. ಬಂದೂಕು ಮದ್ದಿನ ಮಾತಿರುವ ಆ ಗ್ರಂಥ ತೀರ ಈಚಿನದೆಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವವರು ಇದನ್ನು ಗಮನಿಸಬೇಕು. ಆದರೆ ಮಂಡಲದ ವಾದ ಶುಕ್ರನೀತಿ ಬಿದ್ದರೆ ಬೀಳುವಂಥದ್ದಲ್ಲ. ಅದನ್ನು ವಿವರಿಸುವ ಕಾಮಂದಕನ ನೀತಿಸಾರ 19ನೆಯ ಶತಮಾನದಲ್ಲೇ ಅಚ್ಚಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ. ಅವರು 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಅಂದರೆ ಆಬರಿಸ್ಟ್‌ವಿತ್‌ನಲ್ಲಿ ಪೀಠ ಹುಟ್ಟುವ ಹೊತ್ತಿಗೆ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಆರು ವಿದೇಶನೀತಿಗಳ ಷಾಡ್ಗುಣ್ಯವನ್ನು ಇಂಗ್ಲಿಷ್‌ನಲ್ಲೇ ಓದಬಹುದಿತ್ತು. ಮೂಲಗ್ರಂಥಗಳು ಸಿಗುತ್ತಿರಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಡೆಯದು.

ದತ್ತಿಪತ್ರದ ಎರಡನೆಯ ಉದ್ದೇಶ ಬೋಧನೆಯಲ್ಲಿ ಏಕೆ ಬೇರೂರಲಿಲ್ಲ? ಪದವಿ ಮಟ್ಟದ ಶಿಕ್ಷಣಕ್ಕೆ ಬೇರೆಯದೇ ಒತ್ತಡಗಳಿದ್ದವು. ಅದೇ 1919ರಲ್ಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ವಾಲ್ಶ್ ಆರಂಭಿಸಿದ ವಿದೇಶ ಸೇವಾ ಶಾಲೆಯ ಗುರಿ ರಾಯಭಾರ ಮತ್ತು ಸಾಗರೋತ್ತರ ವ್ಯಾಪಾರಕ್ಕೆ ಜನರನ್ನು ತಯಾರು ಮಾಡುವುದು. ಭಾರತದಲ್ಲಿ 1956ರಲ್ಲಿ ಜಾದವಪುರ ವಿಶ್ವವಿದ್ಯಾಲಯ ಈ ವಿಷಯಕ್ಕೆ ಸ್ವತಂತ್ರ ವಿಭಾಗ ತೆರೆಯಿತು. ಕರ್ನಾಟಕದಲ್ಲಿ ಇದು ಬಹುಮಟ್ಟಿಗೆ ರಾಜ್ಯಶಾಸ್ತ್ರದೊಳಗಿನ ಒಂದು ಪತ್ರಿಕೆಯಾಗಿ ಉಳಿಯಿತು. ಒಂದೇ ಸೆಮಿಸ್ಟರ್‌ನಲ್ಲಿ ಎಲ್ಲವನ್ನೂ ತುರುಕಬೇಕಾದಾಗ ಸಿದ್ಧ ಕಥೆಯೇ ಅನುಕೂಲ. ಕೌಟಿಲ್ಯ ಬಂದರೂ ‘ಭಾರತದ ಮ್ಯಾಕಿಯವೆಲ್ಲಿ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾನೆ. 18 ಶತಮಾನಗಳಿಗೂ ಮಿಕ್ಕಿದ ಒಂದು ಚರ್ಚಾಪರಂಪರೆಯನ್ನು ಅದಕ್ಕಿಂತ ಅಗ್ಗವಾಗಿ ತಳ್ಳಿಹಾಕುವ ದಾರಿ ಇನ್ನೊಂದಿಲ್ಲ.

ಆದ್ದರಿಂದ ಪಠ್ಯಕ್ರಮ ಮಂಡಳಿಗಳಲ್ಲಿ ಕೂರುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು: 1919ರ ಪಾಠವನ್ನು ಕೈಬಿಡಬೇಡಿ, ಪೂರ್ತಿ ಮಾಡಿ. ದತ್ತಿಪತ್ರದ ಎರಡೂ ಉದ್ದೇಶಗಳನ್ನು ವಿದ್ಯಾರ್ಥಿಯ ಮುಂದಿಡಿ. ಕಾರ್ ಪಕ್ಕದಲ್ಲಿ ಸರ್ಕಾರರ ಲೇಖನವನ್ನಿಟ್ಟು, ಅದರ ದೋಷಗಳ ಸಮೇತ ಓದಿಸಿ. ಅದು ಹದಿನೈದೇ ಪುಟಗಳ ಲೇಖನ. ಯಾವ ಸೆಮಿಸ್ಟರ್‌ಗೂ ಹೊರೆಯಾಗದು.