ಸರ್ಪಗಂಧಿಯ ಮೇಲೆ ಬಂದ ಆಪಾದನೆ

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ನಿಂತರೆ ಬಿಳಿಗಿರಿರಂಗನ ಬೆಟ್ಟಗಳ ಸಾಲು ಕಾಣುತ್ತದೆ. ಸೋಲಿಗರ ನೆಲೆಯಾದ ಆ ಬೆಟ್ಟಗಳ ಗಿಡಮೂಲಿಕೆಗಳಲ್ಲಿ ಸರ್ಪಗಂಧಿಯೂ ಒಂದು. ನೋಡಲು ಪುಟ್ಟ ಗಿಡ, ಬೆಲೆಯೆಲ್ಲ ಬೇರಿಗೆ. ನಿದ್ದೆ ಬಾರದವರಿಗೆ, ಬುದ್ಧಿಭ್ರಮಣೆಯಾದವರಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ಕೊಡುತ್ತಿದ್ದ ಮದ್ದು ಇದು. ವಿದ್ಯಾರ್ಥಿ ಮಿತ್ರರೇ, ಇದೇ ಬೇರಿನಿಂದ ತೆಗೆದ ಔಷಧವೊಂದು 1974ರಲ್ಲಿ ಸ್ತನ ಕ್ಯಾನ್ಸರಿನ ಆಪಾದನೆಗೆ ಗುರಿಯಾಯಿತೆಂಬುದು ನಿಮಗೆ ಗೊತ್ತೆ?

1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಹುಚ್ಚಿಗೂ ಅಧಿಕ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ತಮ್ಮ ರೋಗಿಗಳ ವಿವರ ಪ್ರಕಟಿಸಿದ ಮೇಲಷ್ಟೇ ಪಶ್ಚಿಮದವರ ಕಣ್ಣು ಇತ್ತ ತಿರುಗಿತು. ನಮ್ಮವರು ಹೇಳಿ ಹದಿನೆಂಟು ವರ್ಷವಾಗಿತ್ತು! 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅದು ಲಕ್ಷಾಂತರ ಜನ ದಿನವೂ ನುಂಗುವ ಮಾತ್ರೆಯಾಯಿತು.

ಈ ಮಾತ್ರೆ ಮಾಡುವುದೇನು? ನರತುದಿಗಳ ಸೂಕ್ಷ್ಮ ಚೀಲಗಳಲ್ಲಿ ಡೋಪಮಿನ್ ಮತ್ತು ಅದರ ಬಳಗದ ರಾಸಾಯನಿಕಗಳು ದಾಸ್ತಾನಾಗಿರುತ್ತವೆ. ರೆಸರ್ಪಿನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ದಾಸ್ತಾನು ಬರಿದಾದಂತೆ ಉದ್ವೇಗ ಇಳಿಯುತ್ತದೆ, ರಕ್ತದೊತ್ತಡವೂ ತಗ್ಗುತ್ತದೆ. ಆದರೆ ಡೋಪಮಿನ್‌ಗೆ ಇನ್ನೊಂದು ಕೆಲಸವೂ ಉಂಟು. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಕೋಶಗಳ ಮೇಲೆ ಗ್ರಾಹಕಗಳಿವೆ. ಬೀಗಕ್ಕೆ ಬೀಗದ ಕೈ ಕೂರುವಂತೆ ಡೋಪಮಿನ್ ಅಲ್ಲಿ ಕೂತು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹತೋಟಿಯಲ್ಲಿಡುತ್ತದೆ. ಡೋಪಮಿನ್ ಇಲ್ಲದಾದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ತಾಯಿಯ ಎದೆಯಲ್ಲಿ ಹಾಲು ಬರಿಸುವ ಹಾರ್ಮೋನು ಅದು; ಸ್ತನದ ಕೋಶಗಳ ಮೇಲಿನ ತನ್ನದೇ ಗ್ರಾಹಕಗಳಿಗೆ ಅಂಟಿ, ಬೆಳೆಯಿರಿ ಎಂದು ಅವಕ್ಕೆ ಸೂಚನೆ ಕೊಡುತ್ತದೆ. ಹಾಗಾದರೆ ವರ್ಷಗಟ್ಟಲೆ ಈ ಮಾತ್ರೆ ನುಂಗಿದ ಹೆಂಗಸರ ಗತಿ?

ಆ ಅನುಮಾನಕ್ಕೆ ಇಂಬು ಕೊಡುವಂತೆ 1974ರ ಸೆಪ್ಟೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಬಾಸ್ಟನ್, ಬ್ರಿಸ್ಟಲ್, ಹೆಲ್ಸಿಂಕಿಗಳಿಂದ ಬಂದ ಮೂರು ವರದಿಗಳನ್ನು ಒಟ್ಟಿಗೆ ಪ್ರಕಟಿಸಿತು. ಬಾಸ್ಟನ್ನಿನ ಲೆಕ್ಕದಲ್ಲಿ ಅಪಾಯ ಮೂರು ಪಟ್ಟಿಗೂ ಹೆಚ್ಚು. ಮೂರು ದೇಶಗಳು ಒಂದೇ ಮಾತು ಹೇಳುತ್ತಿವೆ, ಕಾರಣವೂ ಸಿದ್ಧವಾಗಿದೆ. ಯಾರು ತಾನೇ ನಂಬುವುದಿಲ್ಲ? ವಿಜ್ಞಾನ ಓದಿದ ನಾನೂ ಮೊದಲು ಓದಿದಾಗ ನಂಬಿದೆ.

ಆದರೆ ನಂತರದ ಅಧ್ಯಯನಗಳಲ್ಲಿ ಬಹುಪಾಲು ಈ ನಂಟನ್ನು ಕಾಣಲಿಲ್ಲ. 1985ರಲ್ಲಿ ಹಾರ್ವಿಟ್ಜ್ ಮತ್ತು ಫೈನ್‌ಸ್ಟೈನ್ ಎಂಬ ಅಮೆರಿಕದ ವೈದ್ಯರು ಎಡವಿದ್ದೆಲ್ಲಿ ಎಂದು ತೋರಿಸಿದರು. ಇಂಥ ಅಧ್ಯಯನದಲ್ಲಿ ಕ್ಯಾನ್ಸರ್ ಇರುವವರನ್ನು ಇಲ್ಲದವರೊಡನೆ ಹೋಲಿಸುತ್ತಾರೆ. ಇಲ್ಲದವರ ಗುಂಪನ್ನು ಆರಿಸುವಾಗ ಹೃದ್ರೋಗ, ರಕ್ತದೊತ್ತಡದಂಥ ಕಾಯಿಲೆಯವರನ್ನು ಬಿಟ್ಟುಬಿಟ್ಟಿದ್ದರು. ಕ್ಯಾನ್ಸರ್ ಇರುವವರ ಗುಂಪಿನಲ್ಲಿ ಹಾಗೆ ಬಿಟ್ಟಿರಲಿಲ್ಲ. ರೆಸರ್ಪಿನ್ ನುಂಗುತ್ತಿದ್ದವರು ಆ ಕಾಯಿಲೆಯವರೇ ಅಲ್ಲವೆ? ತಕ್ಕಡಿಯ ಒಂದು ತಟ್ಟೆಯಿಂದ ಮಾತ್ರ ಅವರನ್ನು ಇಳಿಸಿದರೆ ಇನ್ನೊಂದು ತಟ್ಟೆ ತೂಗಲೇಬೇಕು. ಗ್ರಾಹಕಗಳ ವಿವರಣೆಯಲ್ಲಿ ದೋಷವಿರಲಿಲ್ಲ. ಪ್ರೊಲ್ಯಾಕ್ಟಿನ್ ಏರುವುದು ನಿಜ. ಅಷ್ಟು ಏರಿಕೆಗೆ ಗೆಡ್ಡೆ ಬೆಳೆಯುತ್ತದೆಂಬುದು ಮನುಷ್ಯರಲ್ಲಿ ಸಿದ್ಧವಾಗಲಿಲ್ಲ.

ಸಿದ್ಧವಾಗಲಿಲ್ಲ ಎಂದೆ, ಸುಳ್ಳಾಯಿತು ಎನ್ನಲಿಲ್ಲ, ಗಮನಿಸಿ. ರೆಸರ್ಪಿನ್ ಬೆರೆಸಿದ ಆಹಾರ ತಿಂದ ಹೆಣ್ಣು ಚಿಟ್ಟಿಲಿಗಳಿಗೆ ಪ್ರಯೋಗಾಲಯದಲ್ಲಿ ಸ್ತನದ ಗೆಡ್ಡೆಗಳು ಬಂದವು. ಆ ಆಧಾರದ ಮೇಲೆ ಅಮೆರಿಕ ಸರ್ಕಾರದ ಪಟ್ಟಿಯಲ್ಲಿ ರೆಸರ್ಪಿನ್ ಕ್ಯಾನ್ಸರ್‌ಕಾರಕವೆಂದು ಶಂಕಿಸಬಹುದಾದ ವಸ್ತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾತ್ರ ಅದನ್ನು ಮೂರನೆಯ ಗುಂಪಿನಲ್ಲಿಟ್ಟಿತು: ಮನುಷ್ಯರ ಮಟ್ಟಿಗೆ ಹೌದೆಂದೂ ಅಲ್ಲವೆಂದೂ ವರ್ಗೀಕರಿಸಲಾಗದ ವಸ್ತುಗಳ ಗುಂಪು ಅದು.