ಮಣ್ಣಿನ ಗೋಡೆಯಲ್ಲಿ ನಾರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಶಿಲ್ಪವನ್ನು ಕುರಿತು ಬರೆಯುವವರು ಪ್ರಾಯಶಃ ಕಲ್ಲಿನ ದೇವಾಲಯಗಳನ್ನೇ ವರ್ಣಿಸುವರು. ಪ್ರಜೆಗಳು ವಾಸಿಸಿದ ಮಣ್ಣಿನ ಮನೆಗಳನ್ನು ಗಣಿಸುವವರು ವಿರಳ. ಅವುಗಳ ಗೋಡೆಗೆ ಮಣ್ಣನ್ನು ನೆನೆಯಿಟ್ಟು, ಹುಲ್ಲನ್ನು ಬೆರಸಿ, ಕಾಲಿನಿಂದ ತುಳಿದು ಹದಗೊಳಿಸುತ್ತಿದ್ದರು. ಜೇಡಿಮಣ್ಣು ಒಣಗುವಾಗ ಕುಗ್ಗಿ ಬಿರಿಯುವುದು. ಹುಲ್ಲಿನ ಎಳೆಗಳು ಬಿರುಕಿನ ಎರಡು ಅಂಚುಗಳನ್ನೂ ಹಿಡಿದು ಅದು ಹಿಗ್ಗದಂತೆ ತಡೆಯುವುವು.

ಈ ರೂಢಿಗೆ ಶಾಸ್ತ್ರಗ್ರಂಥದಲ್ಲಿಯೂ ಸಾಮ್ಯವು ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ (1126–1138) ಸಂಸ್ಕೃತ ಕೃತಿಯಾದ 'ಮಾನಸೋಲ್ಲಾಸ'ವು, ಲೋಹಪ್ರತಿಮೆಯ ಎರಕಕ್ಕಾಗಿ ಮೇಣದ ಬೊಂಬೆಯ ಮೇಲೆ ಬಳಿಯತಕ್ಕ ಮಣ್ಣಿಗೆ ಹೊಟ್ಟಿನ ಮಸಿ, ಉಪ್ಪುಗಳೊಡನೆ ಸಣ್ಣಗೆ ಕತ್ತರಿಸಿದ ಹತ್ತಿಯನ್ನೂ ಸೇರಿಸಬೇಕೆಂದು ವಿಧಿಸುತ್ತದೆ. ಪ್ರಯೋಜನವು ಬೇರೆಯಾದರೂ, ಎಳೆಯಿಂದ ಮಣ್ಣಿಗೆ ಬಲ ಬರುವುದೆಂಬ ತತ್ತ್ವವೊಂದೇ. 1983ರಲ್ಲಿ ಗ್ರೇ, ಓಹಾಶಿ ಎಂಬ ವಿದ್ವಾಂಸರು ನಾರು ಸೇರಿದ ಮರಳಿನ ದಾರ್ಢ್ಯವು ಹೆಚ್ಚುವುದನ್ನು ಪ್ರಯೋಗಗಳಿಂದ ನಿರೂಪಿಸಿದರು.

ದೇವಾಲಯಗಳ ಚರಿತ್ರೆಗೆ ಶಾಸನಗಳು ಆಧಾರ. ಮಣ್ಣಿನ ಗೋಡೆಗಾದರೋ ಅದನ್ನು ಕಟ್ಟಿದವರ ಕಸಬಿನ ಮಾತುಗಳೇ ಆಧಾರ. ಸಿಮೆಂಟು ಬಂದು ಗೋಡೆಗಳು ಉರುಳಿದಂತೆ ಆ ಮಾತುಗಳೂ ಮರೆಯಾಗುತ್ತಿವೆ. ಹಳ್ಳಿಗಳಲ್ಲಿ ಉಳಿದಿರುವ ಮುದುಕರಿಂದ ಅವನ್ನು ಸಂಗ್ರಹಿಸಿ ನಿಘಂಟಿಗೆ ಸೇರಿಸುವುದು ಪಂಡಿತರಿಗೂ ಉಪಾಧ್ಯಾಯರಿಗೂ ಸಲ್ಲುವ ಕರ್ತವ್ಯವಾಗಿದೆ.