ಪತ್ತಾರನ ಕಣ್ಣಿಗೆ ಕಂಡ ನಟಿಯರು

ನಮ್ಮದು ಹುಬ್ಬಳ್ಳಿಯ ಪತ್ತಾರ ಮನೆತನ. ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿ ಬಂಗಾರದ ಕೆಲಸದ ಅಂಗಡಿ. ನಟಿಯರನ್ನು ನೋಡಿ ಒಡವೆ ಮಾಡಿಸಿಕೊಳ್ಳುವ ಹುಚ್ಚು ಟಿವಿ ಬಂದ ಮೇಲೆ ಹುಟ್ಟಿದ್ದು ಅಂತ ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ನಮ್ಮ ಅಜ್ಜನ ಹೊಟ್ಟೆ ತುಂಬಿಸಿದ್ದೇ ಆ ಹುಚ್ಚು. ಆದರೆ ಅವನ ಕಾಲದಲ್ಲಿ ಹೆಣ್ಣುಮಕ್ಕಳ ಕಣ್ಣು ನೆಟ್ಟಿದ್ದ ನಾಯಕಿ ಹೆಂಗಸಲ್ಲ, ಗಂಡಸು. ಹೆಸರು ಬಾಲಗಂಧರ್ವ.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ನಾಟಕದಲ್ಲಿ ಮರಾಠಿಯದೇ ಜೋರು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದಿಂದ ನೆಲೆ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹುಬ್ಬಳ್ಳಿಗೆ ರೈಲು ಬಂದ ಮೇಲಂತೂ ಕಂಪನಿಗಳು ಪರದೆ, ಪೆಟ್ಟಿಗೆ, ತಬಲಾ ಸಮೇತ ಇಲ್ಲಿಗೆ ಬಂದು ಇಳಿಯುವುದು ಸಲೀಸಾಯಿತು. ಬಾಲಗಂಧರ್ವ, ಅಂದರೆ ನಾರಾಯಣರಾವ ರಾಜಹಂಸ (1888–1967), 1905ರಲ್ಲಿ ಕಿರ್ಲೋಸ್ಕರ ಮಂಡಳಿಯಲ್ಲಿ ಶಕುಂತಲೆಯಾದರು, 1911ರಲ್ಲಿ ‘ಮಾನಾಪಮಾನ’ದ ಭಾಮಿನಿಯಾದರು. 1913ರಲ್ಲಿ ತಮ್ಮದೇ ಗಂಧರ್ವ ಮಂಡಳಿ ಕಟ್ಟಿ, 1916ರಲ್ಲಿ ‘ಸ್ವಯಂವರ’ದ ರುಕ್ಮಿಣಿಯಾದರು. ಅವರು ಸೆರಗು ಹೊದ್ದ ರೀತಿ, ಮುಡಿದ ಹೂವು, ಇಟ್ಟ ನತ್ತು ನೋಡಿ ಕುಲೀನ ಮನೆಗಳ ಹೆಣ್ಣುಮಕ್ಕಳು ತಮ್ಮ ಸಿಂಗಾರ ತಿದ್ದಿಕೊಂಡರು. ಅವರ ಸ್ತ್ರೀವೇಷದ ಫೋಟೋ ಜಾಹೀರಾತುಗಳಿಗೂ ಏರಿತು.

ಅಜ್ಜ ಮಾಡುತ್ತಿದ್ದ ಆ ನತ್ತಿನ ಲೆಕ್ಕ ನನಗೆ ಬಾಯಿಪಾಠ. ಬಾಗಿಸಿದ ಬಂಗಾರದ ತಂತಿ, ಅದಕ್ಕೆ ಪೋಣಿಸಿದ ಸಣ್ಣ ದೊಡ್ಡ ಮುತ್ತು, ನಡುವೆ ಒಂದು ಕೆಂಪು ಹರಳು. ಮುತ್ತಿನ ತೂತು ತಂತಿಗಿಂತ ಕೂದಲೆಳೆಯಷ್ಟು ದೊಡ್ಡದಾದರೂ ನತ್ತು ತುಟಿಯ ಮೇಲೆ ಜೋತುಬೀಳುತ್ತದೆ. ಬೋರಮಾಳ, ಟೀಕಿ, ಪಾಟ್ಲಿ, ಬಿಲ್ವಾರ ಮೊದಲಿನಿಂದಲೂ ಈ ಕಡೆಯವೇ. ಅವುಗಳ ಜೊತೆಗೆ ಈ ದೊಡ್ಡ ನತ್ತನ್ನು ಕೇಳಿಕೊಂಡು ಬರುವವರು ಹೆಚ್ಚಿದ್ದು ಕಂಪನಿ ನಾಟಕದ ಕಾಲದಲ್ಲಿ ಅಂತ ಅಜ್ಜ ಹೇಳುತ್ತಿದ್ದ. ಬಂದವರು ಮುಚ್ಚುಮರೆ ಇಲ್ಲದೆ ಕೇಳುತ್ತಿದ್ದರಂತೆ: ‘ಗಂಧರ್ವರು ಇಟ್ಟುಕೊಂಡಿದ್ರಲ್ರೀ, ಅಂಥಾದ್ದು.’

ಗಂಡಸಿನ ನತ್ತನ್ನು ಕೇಳಲು ಯಾವ ಅಳುಕೂ ಇರಲಿಲ್ಲ. ಅಳುಕು ಶುರುವಾದದ್ದು ಹೆಂಗಸರೇ ರಂಗಕ್ಕೆ, ಪರದೆಗೆ ಬಂದ ಮೇಲೆ.

ಬಂದವರು ಬೇರೆಲ್ಲಿಯವರೂ ಅಲ್ಲ. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ ಇಲ್ಲಿಂದ ಮುಂಬಯಿಗೆ ಹೋದವರು. ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಗೋಹರಬಾಯಿ ಗಂಧರ್ವ ಮಂಡಳಿ ಸೇರಿ ನಾಯಕಿಯಾಗಿ, ಮುಂದೆ ಬಾಲಗಂಧರ್ವರನ್ನೇ ಮದುವೆಯಾದರು. ಹುಬ್ಬಳ್ಳಿಯ ಮಗ್ಗುಲಿನ ಅದರಗುಂಚಿಯಲ್ಲಿ ಹುಟ್ಟಿದ ರಾಜಮ್ಮ ಶಾಂತಾ ಹುಬ್ಳೀಕರ್ ಆಗಿ ಪುಣೆಯ ಪ್ರಭಾತ್ ಕಂಪನಿ ಸೇರಿದರು. 1939ರಲ್ಲಿ ವಿ. ಶಾಂತಾರಾಮರ ‘ಮಾಣೂಸ್’ನಲ್ಲಿ ವೇಶ್ಯೆ ಮೈನಾಳ ಪಾತ್ರ ಮಾಡಿ ಹೆಸರಾದರು. 1942ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ ಎಂಬ ಕನ್ನಡ ಚಿತ್ರದಲ್ಲೂ ಅಭಿನಯಿಸಿದರು. ಊರಿನ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು ಮೆರೆಸಿದ ಹೆಣ್ಣುಮಗಳು ಆಕೆ.

ಊರು ಆ ಋಣವನ್ನು ಹೇಗೆ ತೀರಿಸಿತು ಅಂತ ನಮ್ಮ ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಗೊತ್ತು. ಗಿರಾಕಿ ಹೆಣ್ಣುಮಕ್ಕಳು ಪರದೆಯ ಮೇಲೆ ಕಂಡ ಝುಮಕಿಯನ್ನೇ ಕೇಳುತ್ತಿದ್ದರು, ಆದರೆ ನಟಿಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. ‘ನಮ್ಮ ನೆಗೆಣ್ಣಿ ತವರಿನ್ಯಾಗ ಯಾರೋ ಮಾಡಿಸ್ಯಾರಂತ್ರಿ, ಹಿಂಗ ಕೆಳಗ ಘಂಟಿ ಇರತಾವ’ ಅಂತ ಬೆರಳಿನಿಂದ ಗಾಳಿಯಲ್ಲಿ ಚಿತ್ರ ಬರೆದು ತೋರಿಸುವುದು. ಅಪ್ಪ ನಗು ತಡೆದುಕೊಂಡು ಚೀಟಿಯ ಮೇಲೆ ಪೆನ್ಸಿಲಿನಿಂದ ಗೀಚಿಕೊಳ್ಳುವುದು. ಮನೆಯಲ್ಲಿ ಅಕ್ಕ ಎರಡೂ ಕಿವಿಗೆ ದೊಡ್ಡ ಝುಮಕಿ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಅಜ್ಜಿ ಬೈಯುತ್ತಿದ್ದಳು: ‘ತೆಗೀ ಅದನ್ನ, ನಾಟಕದಾಕಿ ಹಂಗ ಕಾಣಸ್ತಿ.’ ಅದೇ ಅಜ್ಜಿಯ ಮೂಗಿನಲ್ಲಿ ಗಂಧರ್ವರ ನತ್ತು!

ಅಪ್ಪನ ಕಾಲಕ್ಕೆ ನಮ್ಮ ಕಸುಬಿಗೇ ಏಟು ಬಿತ್ತು. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಯಾಗಿದ್ದಾಗ ಬಂದ ಚಿನ್ನ ನಿಯಂತ್ರಣ ನಿಯಮ, ಹೊಸ ಒಡವೆ 14 ಕ್ಯಾರೆಟ್ ಮೀರಬಾರದು ಅಂತ ಕಟ್ಟು ಹಾಕಿತು. 22 ಕ್ಯಾರೆಟ್ ಬಂಗಾರ ಸುತ್ತಿಗೆಗೆ ಮಾತು ಕೇಳುತ್ತದೆ, 14 ಕ್ಯಾರೆಟ್ಟಿನದು ಗಡುಸು. ನೂರಕ್ಕೆ 58 ಪಾಲು ಬಂಗಾರ, ಉಳಿದದ್ದು ಬೆರಕೆ. ಬೋರಮಾಳದ ಗುಂಡು ಮಾಡಲು ತಗಡು ಬಗ್ಗಿಸಿದರೆ ಅಂಚು ಸೀಳುತ್ತಿತ್ತು. ಎಷ್ಟೋ ಪತ್ತಾರರು ಅಗ್ಗಿಷ್ಟಿಕೆ ಆರಿಸಿ ಬೇರೆ ಉದ್ಯೋಗ ಹುಡುಕಿದರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಹೋಯಿತು, ಆದರೆ ಚಿನ್ನದ ನಿಯಂತ್ರಣ 1968ರಲ್ಲಿ ಕಾಯ್ದೆಯೇ ಆಗಿ 1990ರವರೆಗೆ ನಡೆಯಿತು. ಆ ಕಟ್ಟು ಇದ್ದಷ್ಟು ದಿನ ಸಿನಿಮಾ ನೋಡಿ ಆಸೆಪಟ್ಟವರಿಗೆ ಎರಡೇ ದಾರಿ ಉಳಿದಿದ್ದವು: ಅಜ್ಜಿಯ ಹಳೆಯ ಒಡವೆ ಮುರಿಸಿ ಹೊಸ ನಮೂನೆ ಮಾಡಿಸುವುದು, ಇಲ್ಲವೇ ಪೇಟೆಯ ಗಿಲೀಟು ಸಾಮಾನು ತಂದು ಹಾಕಿಕೊಳ್ಳುವುದು.

ಆ ದಿನಗಳಲ್ಲಿ ಅಪ್ಪ ಟಾಕೀಸಿಗೆ ಹೋಗುತ್ತಿದ್ದದ್ದು ಕಥೆ ನೋಡಲಿಕ್ಕಲ್ಲ, ಕಿವಿ ನೋಡಲಿಕ್ಕೆ. ತಿರುಗಿ ಬಂದಾಗ ಅವ್ವ ‘ಕಥಿ ಏನು?’ ಅಂದರೆ, ‘ಝುಮಕಿಗೆ ಎರಡು ಸುತ್ತು ಮುತ್ತು ಅದಾವ, ಕೊಂಡಿ ಹಿಂದ ಐತಿ’ ಅನ್ನುತ್ತಿದ್ದ. ಕಪ್ಪು ಬಿಳುಪು ಚಿತ್ರದಲ್ಲಿ ಒಂದು ಪೇಚಿತ್ತು. ಹರಳಿನ ಬಣ್ಣ ಯಾವುದು ಅಂತ ಹೇಗೆ ತಿಳಿಯಬೇಕು? ಅಪ್ಪ ಎಲ್ಲದಕ್ಕೂ ಕೆಂಪು ಕೂಡಿಸಿಬಿಡುತ್ತಿದ್ದ, ಯಾಕೆಂದರೆ ನಮ್ಮ ಕಡೆ ಅದು ಒಪ್ಪುತ್ತದೆ. ಹೀಗೆ ಯಾವ ಯಾವ ಬಣ್ಣದ ಹರಳುಗಳೋ ಹುಬ್ಬಳ್ಳಿಗೆ ಬಂದು ಕೆಂಪಾದವು. 1971ರಲ್ಲಿ ಬಂದ ‘ಶರಪಂಜರ’ ಬಣ್ಣದ ಚಿತ್ರ. ಅಂಥವು ಹೆಚ್ಚಿದ ಹಾಗೆ ಅವನ ಆ ಸ್ವಾತಂತ್ರ್ಯ ಮುಗಿಯಿತು.

‘ಶರಪಂಜರ’ದ ಕಲ್ಪನಾ, ನನ್ನ ಎಣಿಕೆಯಲ್ಲಿ, ನಮ್ಮ ಅಂಗಡಿಯ ಕಟ್ಟೆ ಏರಿದ ಮೊದಲ ಹೆಸರು. ಅದಕ್ಕೂ ಮೊದಲು ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ಯಲ್ಲಿ ಆಕೆ ಚಂದ್ರಾ ಆಗಿದ್ದರು, ಗೆಜ್ಜೆ ಕಟ್ಟುವ ಮನೆಯಲ್ಲಿ ಹುಟ್ಟಿ ತಾಳಿ ಕಟ್ಟಿಸಿಕೊಳ್ಳಬೇಕೆನ್ನುವ ಹುಡುಗಿ. ಎಂ.ಕೆ. ಇಂದಿರಾ ಅವರ ಕಾದಂಬರಿಯ ಆ ಕಥೆಗೆ ಅತ್ತು ಬಂದ ಹೆಂಗಸರ ಬಾಯಲ್ಲಿ ‘ನಾಟಕದಾಕಿ’ ಎಂಬ ಬೈಗುಳ ಸ್ವಲ್ಪ ಮೆತ್ತಗಾಯಿತು. ಕಾಲೇಜಿನ ಹುಡುಗಿಯರು ಬಂದು ‘ಕಲ್ಪನಾ ಹಾಕ್ಕೊಂಡಾಳಲ್ರೀ, ಅಷ್ಟು ದೊಡ್ಡ ಉಂಗುರ’ ಅಂತ ನೇರವಾಗಿ ಕೇಳತೊಡಗಿದರು. ಕಿವಿಗೆ ದೊಡ್ಡ ರಿಂಗು, ಕೈತುಂಬ ಬಳೆ, ಎಲ್ಲವೂ ಆಕೆಯ ಹೆಸರಿನಲ್ಲೇ.

ಚಿತ್ರಗಳು ಕಡಿಮೆಯಾದಾಗ ಆಕೆ ನಮ್ಮ ಕಡೆಗೇ ಬಂದರು. ಕುಂದಗೋಳ ತಾಲ್ಲೂಕಿನ ಗುಡಗೇರಿಯ ಬಸವರಾಜ ಅವರ ನಾಟಕ ಕಂಪನಿ ಸೇರಿ ಉತ್ತರ ಕರ್ನಾಟಕದ ಊರೂರು ಸುತ್ತಿದರು. ಪರದೆಯ ಮೇಲಿನ ತಾರೆಯನ್ನು ತಗಡಿನ ಥಿಯೇಟರಿನ ಲೈಟಿನಲ್ಲಿ ಹತ್ತಿರದಿಂದ ನೋಡುವ ಭಾಗ್ಯ ಜನರದ್ದಾಯಿತು. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ಆಕೆ ತೀರಿಕೊಂಡರು. ವಜ್ರದುಂಗುರದ ಹರಳು ನುಂಗಿದರಂತೆ ಅನ್ನುವ ಕಟ್ಟುಕಥೆ ಮಾತ್ರ ಇನ್ನೂ ಸತ್ತಿಲ್ಲ. ಒಡವೆಯಿಲ್ಲದೆ ನಟಿಯನ್ನು ನೆನೆಯಲು ನಮಗೆ ಬರುವುದಿಲ್ಲ, ಸಾವಿನಲ್ಲೂ.

ಈಗ ಅಂಗಡಿ ಮಗನದು. 2008ರಲ್ಲಿ ‘ಜೋಧಾ ಅಕ್ಬರ್’ ಬಂದ ಮೇಲೆ ಮದುಮಗಳಿಗೆ ಜೋಧಾ ಸೆಟ್ಟು ಬೇಕೆಂದರು. ಆಮೇಲೆ ಮರಾಠಿ ಧಾರಾವಾಹಿಗಳ ಜಾನ್ಹವಿ ಮಂಗಳಸೂತ್ರ, ‘ಜಯ ಮಲ್ಹಾರ’ದ ಬಾನು ನತ್ತು. ಮಹಾರಾಷ್ಟ್ರದಿಂದ ಬಂದ ಆ ನತ್ತಿನ ಫೋಟೋ ಮೊಬೈಲಿನಲ್ಲಿ ನೋಡಿ ನಾನು ಗುರುತು ಹಿಡಿದೆ. ಮುತ್ತಿನ ಜೋಡಣೆಯೆಲ್ಲ ಅಜ್ಜನ ಕಾಲದ್ದೇ, ಮೂಗು ಚುಚ್ಚಿಸದವರಿಗೆ ಚಾಪು, ಅಂದರೆ ಒತ್ತಿ ಕೂಡಿಸುವ ಕ್ಲಿಪ್ಪು, ಹಚ್ಚಿದ್ದಷ್ಟೇ ಹೊಸದು.

ನಮೂನೆ ನೂರು ವರ್ಷದಲ್ಲಿ ಒಂದು ಸುತ್ತು ಹಾಕಿ ಬಂತು. ಹೆಸರಿನ ವಿಷಯದಲ್ಲಿ ಮಾತ್ರ ನಾವು ಅರ್ಧ ದಾರಿ ನಡೆದಿದ್ದೇವೆ. ಮಂಗಳಸೂತ್ರಕ್ಕೆ ಜಾನ್ಹವಿಯ ಹೆಸರಿದೆ, ಆ ಪಾತ್ರ ಮಾಡಿದ ತೇಜಶ್ರೀ ಪ್ರಧಾನ್ ಹೆಸರಿಲ್ಲ. ಪರದೆಯ ಮೇಲಿನ ಸೊಸೆಯನ್ನು ಮನೆಯೊಳಗೆ ಕರೆದುಕೊಳ್ಳುವುದು ಸುಲಭ, ದುಡಿದು ತಿನ್ನುವ ನಟಿಯನ್ನು ಕರೆದುಕೊಳ್ಳುವುದು ಕಷ್ಟ. ಕಲ್ಪನಾ ಉಂಗುರ ಬೇಕೆಂದು ನೇರವಾಗಿ ಕೇಳಿದ ಆ ಕಾಲೇಜು ಹುಡುಗಿಯರು ಈ ಲೆಕ್ಕದಲ್ಲಿ ಇವತ್ತಿನವರಿಗಿಂತ ಮುಂದಿದ್ದರು.